ಕೋಪನ್‌ಹೇಗನ್ನೋ ಸ್ಟಾಕ್‌ಹೋಮೋ: ಮೂರು ಮೂರು ದಿನ ಸುತ್ತಿದ ಮೇಲೆ

ರಜೆ ಇದ್ದದ್ದು ಆರು ದಿನ. ಒಂದೇ ಊರು ಸಾಕು ಅಂತ ನಮ್ಮೆಜಮಾನರು, ಎರಡೂ ಬೇಕು ಅಂತ ನಾನು. ಕೊನೆಗೆ ಕೋಪನ್‌ಹೇಗನ್‌ಗೆ ಮೂರು, ಸ್ಟಾಕ್‌ಹೋಮ್‌ಗೆ ಮೂರು ಅಂತ ಪಾಲು ಮಾಡಿಕೊಂಡೆವು. ನಡುವೆ ಐದು ಗಂಟೆ ಚಿಲ್ಲರೆಯ ರೈಲು. ಇಬ್ಬರೂ ಸಸ್ಯಾಹಾರಿಗಳು, ಬೇಕರಿ ತಿಂಡಿಯಲ್ಲಿ ಮೊಟ್ಟೆ ಇದ್ದರೆ ಪ್ರಶ್ನೆ ಕೇಳುವುದಿಲ್ಲ. ಮ್ಯೂಸಿಯಂಗಳ ವಿಷಯ ಇಲ್ಲಿ ಬೇಡ. ಅಂಗಡಿ, ಊಟ, ಆರಾಮ, ಇಷ್ಟೇ.

ಮೊದಲು ದುಡ್ಡು. ನಾವು ಹೋದ 2024ರ ಜೂನ್‌ನಲ್ಲಿ ಡೆನ್ಮಾರ್ಕಿನ ಒಂದು ಕ್ರೋನ್‌ಗೆ ಸುಮಾರು 12 ರೂಪಾಯಿ, ಸ್ವೀಡನ್ನಿನ ಕ್ರೋನಾಗೆ 8. ಹೆಸರು ಹೆಚ್ಚುಕಡಿಮೆ ಒಂದೇ. ಹಾಗಾಗಿ ಬೋರ್ಡಿನಲ್ಲಿ ಎರಡೂ ಕಡೆ ನೂರು ಅಂತ ಕಂಡರೂ ಜೇಬಿಗೆ ಬೀಳುವ ಪೆಟ್ಟು ಬೇರೆ. ಸ್ಟಾಕ್‌ಹೋಮ್‌ಗೆ ನೋಟು ಮಾತ್ರ ಒಯ್ಯಬೇಡಿ. ಎಷ್ಟೋ ಅಂಗಡಿಗಳ ಬಾಗಿಲಲ್ಲೇ ನಗದು ಬೇಡ ಅಂತ ಬರೆದಿರುತ್ತದೆ. ನಾವು ಬದಲಾಯಿಸಿಕೊಂಡು ಹೋಗಿದ್ದ ನೋಟುಗಳು ಇನ್ನೂ ಬೀರುವಿನಲ್ಲಿವೆ.

ಕೋಪನ್‌ಹೇಗನ್‌ನಲ್ಲಿ ಎಲ್ಲರೂ ಕಳಿಸುವುದು ಸ್ಟ್ರಾಯೆಟ್‌ಗೆ. 1962ರಲ್ಲಿ ಕಾರುಗಳನ್ನು ಆಚೆ ಕಳಿಸಿ ನಡೆಯುವವರಿಗೆ ಬಿಟ್ಟ ಬೀದಿ, ಒಂದು ಕಿಲೋಮೀಟರ್‌ಗಿಂತ ಸ್ವಲ್ಪ ಉದ್ದ. ಅರ್ಧ ಬೀದಿಯಲ್ಲಿ ಬೆಂಗಳೂರಿನ ಮಾಲ್‌ನಲ್ಲಿರುವ ಬ್ರ್ಯಾಂಡ್‌ಗಳೇ ಇವೆ. ನಡುವಿನ ಅಮಾಗರ್‌ಟೋರ್ವ್ ಚೌಕಕ್ಕೆ ಬಂದಾಗ ಮಾತ್ರ ಕಾಲು ತಾನಾಗಿ ನಿಂತಿತು. ಇಲ್ಲುಮ್ಸ್ ಬೋಲಿಗ್‌ಹುಸ್‌ನಲ್ಲಿ ಕುರ್ಚಿ, ದೀಪ, ಪಾತ್ರೆಗಳನ್ನು ನೋಡುತ್ತಾ ಒಂದೂವರೆ ಗಂಟೆ ಕಳೆದೆ. ಪಕ್ಕದಲ್ಲೇ 1775ರಿಂದ ಪಿಂಗಾಣಿ ಮಾಡುತ್ತಿರುವ ರಾಯಲ್ ಕೋಪನ್‌ಹೇಗನ್. ಬಿಳಿ ತಟ್ಟೆಯ ಮೇಲೆ ಕೈಯಲ್ಲೇ ಬರೆದ ನೀಲಿ ಗೆರೆಗಳು. ಬೆಲೆ ನೋಡಿ ಮೆಲ್ಲಗೆ ಕೆಳಗಿಟ್ಟೆ. ಮಾರನೆಯ ದಿನ ನೋರೆಬ್ರೊ ಕಡೆಯ ರಾವ್ನ್ಸ್‌ಬೋರ್‌ಗೇಡ್ ಬೀದಿಯ ಹಳೆ ಸಾಮಾನಿನ ಅಂಗಡಿಯಲ್ಲಿ ಅದೇ ನೀಲಿಯ ಒಂದು ಸಾಸರ್ ಸಿಕ್ಕಿತು. ತಿರುಗಿಸಿ ನೋಡಿದರೆ ತಳದಲ್ಲಿ ರಾಯಲ್ ಕೋಪನ್‌ಹೇಗನ್‌ನ ಮೂರು ಅಲೆಗಳ ಗುರುತು. ಕಪ್ ಇಲ್ಲ, ಸಾಸರ್ ಮಾತ್ರ. ಇರಲಿ ಬಿಡಿ.

ಸ್ಟಾಕ್‌ಹೋಮ್‌ನಲ್ಲಿ ನನಗೆ ಹೊಸ ಅಂಗಡಿ ಒಂದೂ ಹಿಡಿಸಲಿಲ್ಲ. ಆದರೆ ಸೋಡರ್ಮಾಲ್ಮ್‌ನಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಗಳಿಗೆ ಲೆಕ್ಕವಿಲ್ಲ. ಸ್ಟಾಡ್ಸ್‌ಮಿಷನ್, ಮ್ಯೂರೋರ್ನಾ ತರಹದ ಸೇವಾ ಸಂಸ್ಥೆಗಳೇ ನಡೆಸುವ ದೊಡ್ಡ ಅಂಗಡಿಗಳಿವೆ. ಒಳ್ಳೆ ಉಣ್ಣೆಯ ಕೋಟೊಂದು ಅಗ್ಗಕ್ಕೆ ಸಿಕ್ಕಿತು. ಜೂನ್‌ನಲ್ಲಿ ಕೋಟು ಯಾರು ಕೊಳ್ಳುತ್ತಾರೆ, ಅಲ್ವಾ? ನೋಡಿ ಖುಷಿಪಡಲು ಕೋಪನ್‌ಹೇಗನ್, ನಿಜವಾಗಿ ಕೊಳ್ಳಲು ಸ್ಟಾಕ್‌ಹೋಮ್. ಹೊಸ ವಸ್ತು ಕೊಂಡರೆ ತೆರಿಗೆ ವಾಪಸ್ ಫಾರ್ಮ್ ಕೇಳಿ ಪಡೆಯಿರಿ. ಎರಡೂ ದೇಶದ ಫಾರ್ಮುಗಳನ್ನು ಯುರೋಪಿಯನ್ ಒಕ್ಕೂಟ ಬಿಟ್ಟು ಹೊರಡುವ ಕೊನೆಯ ವಿಮಾನ ನಿಲ್ದಾಣದಲ್ಲಿ ತೋರಿಸಬೇಕು.

ಊಟದ ವಿಷಯಕ್ಕೆ ಬಂದರೆ ಜಗಳ ಶುರು. ನೋರೆಪೋರ್ಟ್ ನಿಲ್ದಾಣದ ಪಕ್ಕ ಟೋರ್ವೆಹಾಲರ್ನೆ ಅಂತ ಎರಡು ಗಾಜಿನ ಮಾರುಕಟ್ಟೆಗಳಿವೆ. ಅಲ್ಲಿ ಸ್ಮೊರ್‌ಬ್ರೊಡ್ ತಿಂದೆವು. ಗಟ್ಟಿ, ಕಪ್ಪು, ಹುಳಿ ರೈ ಬ್ರೆಡ್ಡಿನ ಒಂದೇ ತುಂಡು. ಅದರ ಮೇಲೆ ಬೇಯಿಸಿದ ಆಲೂಗಡ್ಡೆ ಬಿಲ್ಲೆ, ಮಯೊನೈಸ್, ಕರಿದ ಈರುಳ್ಳಿ. ಕೈಯಲ್ಲಿ ಎತ್ತಿ ತಿನ್ನುವ ಹಾಗಿಲ್ಲ, ಚಾಕು ಫೋರ್ಕೇ ಬೇಕು. ರುಚಿ ಚೆನ್ನಾಗಿತ್ತು, ಹೊಟ್ಟೆ ಮಾತ್ರ ತುಂಬಲಿಲ್ಲ. ಯೇಗರ್ಸ್‌ಬೋರ್‌ಗೇಡ್ ಬೀದಿಯಲ್ಲಿ ಗ್ರೋಡ್ ಅಂತ ಒಂದು ಪುಟ್ಟ ಹೋಟೆಲ್. ಅವರ ಕಸುಬೇ ಗಂಜಿ! ಜ್ವರ ಬಂದಾಗ ಅಮ್ಮ ಕೊಟ್ಟದ್ದನ್ನು ಇಲ್ಲಿ ದುಡ್ಡು ಕೊಟ್ಟು, ಸೇಬು, ಕ್ಯಾರಮೆಲ್ ಹಾಕಿಸಿಕೊಂಡು ತಿಂದೆವು. ನಗು ಬಂತು, ಆದರೆ ಬಟ್ಟಲು ಖಾಲಿಯಾಯಿತು.

ಸ್ಟಾಕ್‌ಹೋಮ್‌ನಲ್ಲಿ ಹಳೇ ಊರು ಗಾಮ್ಲಾ ಸ್ಟಾನ್‌ನಲ್ಲಿ ಮೊದಲ ದಿನವೇ ಮೋಸಹೋದೆವು. ಪ್ರವಾಸಿಗರ ಬೀದಿಯ ಒಂದು ಹೋಟೆಲ್‌ನಲ್ಲಿ ವೆಜ್ ಅಂತ ಬಂದದ್ದು ಉಪ್ಪಿಲ್ಲದ ಪಾಸ್ತಾ. ಆಮೇಲೆ ಬುದ್ಧಿ ಬಂತು. ವಾರದ ದಿನಗಳಲ್ಲಿ ಮಧ್ಯಾಹ್ನ ಅಲ್ಲಿ ‘ಡಾಗೆನ್ಸ್ ಲುಂಚ್’ ಅಂತ ಸಿಗುತ್ತದೆ, ಅಂದರೆ ಇವತ್ತಿನ ಊಟ. ಸಾಮಾನ್ಯವಾಗಿ ಸಲಾಡ್, ಬ್ರೆಡ್, ಕಾಫಿ ಎಲ್ಲ ಅದೇ ಬೆಲೆಯಲ್ಲಿ. ನಮ್ಮ ಕಡೆಯ ಮೀಲ್ಸ್ ಲೆಕ್ಕ. ರಾತ್ರಿಗೆ ಫ್ಯೆಲ್‌ಗಾತನ್ ರಸ್ತೆಯ ಹರ್ಮನ್ಸ್, ಪೂರ್ತಿ ಸಸ್ಯಾಹಾರಿ ಬಫೆ. ಗುಡ್ಡದ ಅಂಚಿನಲ್ಲಿ ಕೂತು ತಿನ್ನುತ್ತಿದ್ದರೆ ಕೆಳಗೆ ನೀರು, ಹಡಗು. ಎರಡು ಸಲ ಬಡಿಸಿಕೊಂಡೆ, ಮೂರು ಅಂತ ಯಜಮಾನರು ಹೇಳುತ್ತಾರೆ.

ಆಮೇಲೆ ಫೀಕಾ, ಕಾಫಿ ಜೊತೆ ಸುಮ್ನೆ ಕೂರುವ ಪದ್ಧತಿ. ಕಾಫಿ ಬರೀ ಕರಿ ಡಿಕಾಕ್ಷನ್, ಅದನ್ನು ಹೊಗಳಲಾರೆ. ಆದರೆ ಕಾರ್ದೆಮುಮ್ಮಾಬುಲ್ಲೆ! ತರಿತರಿಯಾಗಿ ಕುಟ್ಟಿದ ಏಲಕ್ಕಿ ಹಾಕಿದ ಬನ್. ಬೇಕರಿ ಬಾಗಿಲು ತೆಗೆದರೆ ಹಬ್ಬದ ದಿನದ ಅಡುಗೆಮನೆಯ ವಾಸನೆ. ಇಷ್ಟು ಉತ್ತರದಲ್ಲಿ ಏಲಕ್ಕಿಗೆ ಇಷ್ಟು ಮರ್ಯಾದೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಕೋಪನ್‌ಹೇಗನ್ ಪರವಾಗಿ ವಾದಿಸುವುದು ಯಜಮಾನರು. 1652ರಿಂದ ಇರುವ ಸಾಂಕ್ಟ್ ಪೇಡರ್ಸ್ ಬೇಕರಿಯಲ್ಲಿ ಬುಧವಾರದ ವಿಶೇಷ ‘ಬುಧವಾರದ ಬಸವನಹುಳು’. ಅಂಗೈಗಿಂತ ಅಗಲದ ಸುರುಳಿ ದಾಲ್ಚಿನ್ನಿ ರೋಲ್. ನಾವು ಇಳಿದದ್ದೇ ಬುಧವಾರ, ಅದೃಷ್ಟ.

ಆರಾಮಕ್ಕೆ ಕೋಪನ್‌ಹೇಗನ್‌ನಲ್ಲಿ ದೂರ ಹೋಗಬೇಕಿಲ್ಲ. ಇಸ್ಲಾಂಡ್ಸ್ ಬ್ರ್ಯುಗ್ಗೆಯಲ್ಲಿ ಬಂದರಿನ ನೀರಿನಲ್ಲೇ ಈಜುಕೊಳ, ಅದೂ ಪುಕ್ಕಟೆ. ಒಂದು ಕಾಲದಲ್ಲಿ ಕಾರ್ಖಾನೆ, ಚರಂಡಿ ನೀರು ಸೇರುತ್ತಿದ್ದ ಜಾಗ ಅದು. ಆಫೀಸು ಮುಗಿಸಿ ಸೈಕಲ್ ನಿಲ್ಲಿಸಿ ಜನ ಹಾರುತ್ತಿದ್ದರು. ನಾನು ಕಾಲು ಇಳಿಬಿಟ್ಟು ಕೂತೆ, ಮಂಡಿವರೆಗೆ ಜುಂ ಅಂತು. ಅಲ್ಲಿಗೆ ಹೋಗುವಾಗ ಸೈಕಲ್ ಹಾದಿಯಲ್ಲಿ ಫೋಟೋ ತೆಗೆಯುತ್ತಾ ನಿಂತು ಬೈಸಿಕೊಂಡೆ, ನೀವು ನಿಲ್ಲಬೇಡಿ. ತಿವೋಲಿ ಪಾರ್ಕ್ ಚೆಂದ, ಆದರೆ ಪ್ರವೇಶಕ್ಕೆ ಒಂದು ದುಡ್ಡು, ಆಟಕ್ಕೆ ಇನ್ನೊಂದು. ಆಡದವರಿಗೆ ಜಾಸ್ತಿಯಾಯಿತು.

ಸ್ಟಾಕ್‌ಹೋಮ್ ಇರುವುದೇ 14 ದ್ವೀಪಗಳ ಮೇಲೆ. ಮೆಟ್ರೊ ಟಿಕೆಟ್ಟಿನಲ್ಲೇ ಸ್ಲುಸ್ಸೆನ್‌ನಿಂದ ಯೂರ್‌ಗಾರ್ಡನ್ ದ್ವೀಪಕ್ಕೆ ದೋಣಿ. ಕೆಲಸವಿಲ್ಲದಿದ್ದರೂ ಎರಡು ಸಲ ಹೋಗಿ ಬಂದೆವು. ಕೊನೆಯ ಸಂಜೆ ಲಾಂಗ್‌ಹೋಲ್ಮೆನ್‌ನಲ್ಲಿ. ಹಿಂದೆ ಜೈಲಿದ್ದ ದ್ವೀಪ, ಈಗ ಮರದ ನೆರಳು, ಪುಟ್ಟ ಮರಳ ದಡ. ರಾತ್ರಿ ಒಂಬತ್ತೂವರೆಗೂ ಬೆಳಕಿತ್ತು, ಬುತ್ತಿಯಲ್ಲಿ ಏಲಕ್ಕಿ ಬನ್ ಇತ್ತು.

ಇನ್ನೊಮ್ಮೆ ಆರು ದಿನ ಸಿಕ್ಕರೆ ನಾನು ನಾಲ್ಕನ್ನು ಸ್ಟಾಕ್‌ಹೋಮ್‌ಗೆ ಕೊಡುತ್ತೇನೆ. ಯಜಮಾನರೂ ಒಪ್ಪಿದ್ದಾರೆ, ಬುಧವಾರ ಮಾತ್ರ ಕೋಪನ್‌ಹೇಗನ್‌ನಲ್ಲಿ ಇರಬೇಕಂತೆ.