ಥೀಮ್ ಪಾರ್ಕಿನ ಗೊಂಬೆಗಳು: ಸೆಳೆತ ಮತ್ತು ಖರ್ಚು

ಸಾಗರದ ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಹಾಂಗ್‌ಕಾಂಗ್ ಡಿಸ್ನಿಲ್ಯಾಂಡಿನ ಹನ್ನೊಂದು ಪುಟ್ಟ ಗೊಂಬೆಗಳಿವೆ. 2005ರಲ್ಲಿ ತೆರೆದ ಆ ಪಾರ್ಕಿಗೆ ಮಗಳೊಂದಿಗೆ ಹೋದಾಗ ಕೊಂಡದ್ದು ಎರಡನ್ನು ಮಾತ್ರ. ಸೆಟ್ಟು ಪೂರ್ತಿಯಾಗಲೆಂಬ ಆಸೆಯಿಂದ ಉಳಿದವನ್ನು ಮರುಮಾರಾಟಗಾರರಿಂದ ತರಿಸಿದೆ.

ಗೊಂಬೆಗಳು ನಿಜಕ್ಕೂ ಚೆನ್ನಾಗಿವೆ. ಅಂಗೈಯಗಲದ ಮಿಕ್ಕಿ ಮೌಸ್‌ನ ಬಿಳಿ ಕೈಗವಸಿನ ಮೇಲಿನ ಮೂರು ಕಪ್ಪು ಗೆರೆಗಳೂ ಅಚ್ಚುಕಟ್ಟಾಗಿ ಮೂಡಿವೆ. ಗುಡಿಗಾರರ ಗಂಧದ ಕೆತ್ತನೆಯನ್ನು ನೋಡುತ್ತ ಬೆಳೆದ ನನಗೆ ಅಚ್ಚಿನಲ್ಲಿ ಎರಕ ಹೊಯ್ದ ಪಿವಿಸಿ ಪ್ಲಾಸ್ಟಿಕ್ಕಿನ ಗೊಂಬೆಯಲ್ಲಿ ಉಳಿಯ ಜೀವಂತಿಕೆ ಕಾಣುವುದಿಲ್ಲವಾದರೂ, ಅವನ್ನು ಕೈಗೆತ್ತಿಕೊಂಡಾಗ ಮಗಳ ಅಂದಿನ ನಗು ಕಣ್ಣೆದುರಿಗೆ ಬರುತ್ತದೆ.

ಖರ್ಚಿನ ಮಾತು ಬೇರೆ. ಕೆಲವು ಗೊಂಬೆಗಳು ಪಾರ್ಕಿನ ಒಳಗೆ, ಒಂದೊಂದು ಹಬ್ಬದ ಕಾಲದಲ್ಲಷ್ಟೇ ಮಾರಾಟವಾಗುವುದರಿಂದ ಹೊರಗೆ ಅವುಗಳ ಬೆಲೆ ಏರುತ್ತದೆ. ಅದರ ಮೇಲೆ ಅಂಚೆ ವೆಚ್ಚ, ಆಮದು ಸುಂಕ ಸೇರಿ ನನ್ನ ಒಂದು ಗೊಂಬೆ ಮೂಲ ಬೆಲೆಯ ಮೂರರಷ್ಟಾಯಿತು. ಮಲೆನಾಡಿನ ಮಳೆಗಾಲ ಇನ್ನೊಂದು ಹೊರೆ. ರಟ್ಟಿನ ಪೆಟ್ಟಿಗೆಗಳಿಗೆ ಬೂಷ್ಟು ಹಿಡಿಯುತ್ತದೆ, ಪಿವಿಸಿಯನ್ನು ಮೆದುವಾಗಿಸಲು ಬೆರೆಸಿದ ಪ್ಲಾಸ್ಟಿಸೈಸರ್ ಎಂಬ ರಾಸಾಯನಿಕ ಕಾಲಕ್ರಮೇಣ ಹೊರಬಂದು ಮೈಯೆಲ್ಲ ಅಂಟಂಟಾಗುತ್ತದೆ. ಕಪಾಟಿನೊಳಗೆ ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಮೇಲೆ ಬೂಷ್ಟು ಕಡಿಮೆಯಾಗಿದೆ.

ಸ್ವತಃ ಹೋದವರು ಒಂದೆರಡನ್ನು ಅಗತ್ಯವಾಗಿ ಕೊಳ್ಳಲಿ. ಸೆಟ್ಟಿಗಾಗಿ ತರಿಸಿದ ಒಂಬತ್ತನ್ನು ನಾನು ಮತ್ತೆ ಕೊಳ್ಳಲಾರೆ. ಮಗಳು ಕೇಳುವುದೂ ಆ ಮೊದಲ ಎರಡನ್ನೇ.