ಐದು ವರ್ಷ ಕಿವಿಯಲ್ಲಿ ಕೋಚ್‌ಗಳನ್ನು ಕೂರಿಸಿಕೊಂಡು ಓಡಿದ್ದು

ಶುರುವಾಗಿದ್ದು 2020ರ ಡಿಸೆಂಬರ್‌ನಲ್ಲಿ. ಲಾಕ್‌ಡೌನ್ ಸಡಿಲವಾಗಿತ್ತು, ಆದರೆ ನಮ್ಮ ಓಟದ ಗುಂಪು ಇನ್ನೂ ಸೇರುತ್ತಿರಲಿಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಬ್ಬನೇ ಸುತ್ತು ಹಾಕುತ್ತಿದ್ದೆ. ಹಾಡು ಹಾಕಿಕೊಂಡರೆ ಕಾಲು ತಾನಾಗೇ ಜೋರಾಗುತ್ತಿತ್ತು. ಮೂರನೇ ಸುತ್ತಿಗೆ ಏದುಸಿರು. ಗೆಳೆಯನೊಬ್ಬ, "ಹಾಡು ಬಿಡು ಮಾರಾಯ, ಯಾರಾದ್ರೂ ಮಾತಾಡೋದು ಕೇಳು" ಅಂದ. ಅವತ್ತಿನಿಂದ ವಾರಕ್ಕೆ ನಾಲ್ಕೈದು ಗಂಟೆ ಓಟ ಮತ್ತು ಟ್ರಯಾಥ್ಲಾನ್ ಪಾಡ್‌ಕಾಸ್ಟ್‌ಗಳನ್ನು ಕೇಳುತ್ತಾ ಬಂದಿದ್ದೇನೆ. ಈ ಮಧ್ಯೆ ಎರಡು ಫುಲ್ ಮ್ಯಾರಥಾನ್, ಮಲೆನಾಡಿನಲ್ಲಿ ಒಂದು 50 ಕಿ.ಮೀ., ಗೋವಾದಲ್ಲಿ ಒಂದು ಐರನ್‌ಮ್ಯಾನ್ 70.3 (ಈಜು, ಸೈಕಲ್, ಓಟ ಮೂರೂ ಸೇರಿ 70.3 ಮೈಲಿಯ ಟ್ರಯಾಥ್ಲಾನ್) ಮುಗಿಸಿದ್ದೇನೆ. ಯಾವುದರಲ್ಲೂ ಹೇಳಿಕೊಳ್ಳುವಂಥ ಟೈಮಿಂಗ್ ಇಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಪಾಡ್‌ಕಾಸ್ಟ್‌ನಿಂದ ನನಗಾದ ದೊಡ್ಡ ಲಾಭ ಅದರಲ್ಲಿರುವ ವಿಷಯವಲ್ಲ, ಮಾತು ಅನ್ನೋದೇ. ನಿಧಾನ ಓಟದಲ್ಲಿ ಎದುರಿನವರ ಜೊತೆ ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರಿರಬೇಕು ಅಂತಾರಲ್ಲ, ಅದನ್ನೇ ತಿರುಗಿಸಿ ನೋಡಿ. ಕಿವಿಗೆ ಬಿದ್ದ ವಾಕ್ಯ ತಲೆಗೆ ಹೋಗುತ್ತಿದ್ದರೆ ಓಟ ನಿಧಾನವಾಗಿದೆ ಅಂತ. "ಏನಂದ ಇವನು?" ಅಂತ ಹಿಂದಕ್ಕೆ ಹೋಗಿ ಕೇಳಬೇಕಾಯಿತೋ, ನಾನು ಜೋರಾಗಿ ಓಡುತ್ತಿದ್ದೇನೆ ಅಂತಲೇ ಅರ್ಥ. ಕೈಗಡಿಯಾರದ ಹಾರ್ಟ್ ರೇಟ್ ಎಷ್ಟೋ ಸಲ ಸುಳ್ಳು ತೋರಿಸಿದೆ. ಇದು ಅಷ್ಟಾಗಿ ಕೈಕೊಟ್ಟಿಲ್ಲ. ಇಂಟರ್ವಲ್ ದಿನ, ಅಂದರೆ ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ನಿಧಾನ ಅಂತ ಓಡುವ ದಿನ, ಮಾತ್ರ ಏನೂ ಕೇಳುವುದಿಲ್ಲ. ಕೇಳಿದರೂ ದಂಡ.

ಇನ್ನು ಯಾವ ಯಾವ ಶೋ ಅನ್ನೋದಕ್ಕೆ ಬರುತ್ತೇನೆ. ಜಾಸ್ತಿ ಕೇಳಿರುವುದು 'ದಟ್ ಟ್ರಯಾಥ್ಲಾನ್ ಶೋ'. ನಡೆಸುವವರು ಫಿನ್‌ಲೆಂಡ್ ಮೂಲದ ಕೋಚ್ ಮಿಕಾಯೆಲ್ ಎರಿಕ್ಸನ್. ಜೋಕ್ ಇಲ್ಲ, ಹರಟೆ ಇಲ್ಲ, ನೇರ ವಿಷಯ. ಬಂದ ಅತಿಥಿಗೆ ಮೇಷ್ಟ್ರ ಥರ ಪ್ರಶ್ನೆ ಕೇಳುತ್ತಾರೆ. ಮೊದಮೊದಲು ಒಣಒಣ ಅನ್ನಿಸಿತು. ಆಮೇಲೆ ಅದೇ ಇಷ್ಟವಾಯಿತು. ಸ್ಟೀಫನ್ ಸೀಲರ್ ಮಾತು ಮೊದಲು ಕೇಳಿದ್ದು ಇಲ್ಲೇ. ಅವರು ಅಮೆರಿಕದವರು, ನಾರ್ವೆಯ ಆಗ್ಡರ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರು. ದೊಡ್ಡ ಮಟ್ಟದ ಓಟಗಾರರು, ಸ್ಕೀ ಮಾಡುವವರು, ದೋಣಿ ಹುಟ್ಟು ಹಾಕುವವರು ಎಲ್ಲರ ತರಬೇತಿಯ ಲೆಕ್ಕ ತೆಗೆದು ನೋಡಿದರೆ ಹತ್ತರಲ್ಲಿ ಸುಮಾರು ಎಂಟು ಸೆಷನ್ ಸುಲಭದ್ದೇ ಇರುತ್ತದೆ ಅನ್ನೋದು ಅವರ ಪ್ರಸಿದ್ಧ ಮಾತು.

ಸೀಲರ್ ಒಂದು ಕಥೆ ಹೇಳುತ್ತಾರೆ. ನಾರ್ವೆಗೆ ಹೋದ ಹೊಸದರಲ್ಲಿ ಕಾಡಿನ ದಾರಿಯಲ್ಲಿ ಒಬ್ಬ ಒಳ್ಳೆಯ ಸ್ಕೀಯರ್ ಓಡುವುದನ್ನು ನೋಡಿದರಂತೆ. ಏರು ಬಂದ ಕೂಡಲೇ ಆಕೆ ಓಟ ನಿಲ್ಲಿಸಿ ನಡೆದಳಂತೆ. ಮೇಲೆ ಹೋಗಿ ಮತ್ತೆ ಓಡಿದಳಂತೆ. ಸುಲಭದ ದಿನ ಅಂದರೆ ಸುಲಭವೇ, ಏರು ಬಂದರೂ. ನಾನೂ ಇದನ್ನು ಚಾಮುಂಡಿ ಬೆಟ್ಟದಲ್ಲಿ ಮಾಡಿದೆ. ನಂದಿ ಕಡೆಗೆ ತಿರುಗುವಲ್ಲಿ ಓಟ ಬಿಟ್ಟು ನಡೆದೆ. ಅಲ್ಲೇ ಕಲ್ಲಿನ ಮೇಲೆ ಕೂತಿದ್ದ ಹಿರಿಯರೊಬ್ಬರು, "ಯಾಕಪ್ಪಾ, ಆಗ್ಲಿಲ್ವಾ?" ಅಂದರು.

"ಇಲ್ಲ ತಾತ, ಇದೇ ಟ್ರೇನಿಂಗು."

"ನಡೆಯೋದಕ್ಕೂ ಟ್ರೇನಿಂಗ್ ಬೇಕಾ?"

ಉತ್ತರ ಇರಲಿಲ್ಲ. ಆದರೆ ಆ ವರ್ಷ ಮಂಡಿನೋವು ಬರಲಿಲ್ಲ.

ಎರಡನೆಯದು 'ಸಮ್ ವರ್ಕ್, ಆಲ್ ಪ್ಲೇ'. ಡೇವಿಡ್ ರೋಶ್, ಮೇಗನ್ ರೋಶ್ ಅಂತ ಅಮೆರಿಕದ ಗಂಡ ಹೆಂಡತಿ. ಇಬ್ಬರೂ ಕೋಚ್‌ಗಳು, ಆಕೆ ಡಾಕ್ಟರ್ ಕೂಡ. ಎರಿಕ್ಸನ್‌ಗೆ ಪೂರ್ತಿ ಉಲ್ಟಾ. ನಗು, ಕೂಗು, ಮನೆ ಸಮಾಚಾರ ಎಲ್ಲ ಇರುತ್ತದೆ. ಮೊದಲ ಹದಿನೈದು ನಿಮಿಷ ಸುಮ್ನೆ ದಾಟಿಸಿಬಿಡಿ. ಆಮೇಲೆ ಬರುವುದು ಚಿನ್ನ. ಡೇವಿಡ್ 2024ರಲ್ಲಿ ಲೆಡ್‌ವಿಲ್ 100 ಮೈಲಿ ಓಟಕ್ಕೆ ಇಳಿದಾಗ ಅಷ್ಟು ದೂರ ಸ್ಪರ್ಧಿಸಿದ್ದು ಅದೇ ಮೊದಲು. ಕೊಲೊರಾಡೊದ ಬೆಟ್ಟಗಳಲ್ಲಿ, ಬಹುಪಾಲು 3,000 ಮೀಟರ್‌ಗಿಂತ ಎತ್ತರದಲ್ಲಿ ನಡೆಯುವ ಓಟ. 15 ಗಂಟೆ 26 ನಿಮಿಷದಲ್ಲಿ ಮುಗಿಸಿ 2005ರಿಂದ ಇದ್ದ ದಾಖಲೆ ಮುರಿದರು. ಓಡುವಾಗ ಎಷ್ಟು ಕಾರ್ಬೋಹೈಡ್ರೇಟ್ ತಿನ್ನಬೇಕು ಅನ್ನೋದು ಇವರ ಮೆಚ್ಚಿನ ವಿಷಯ. ನನ್ನ ಅವಾಂತರ ನಡೆದದ್ದೂ ಆ ವಿಷಯದಲ್ಲೇ, ಆದರೆ ಕೇಳಿದ್ದು ಬೇರೆ ಯಾವುದೋ ಶೋದಲ್ಲಿ.

ಲೆಕ್ಕ ಸರಳ. ಕರುಳು ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳೋದು ಒಂದು ಬಾಗಿಲಿನಿಂದ. ಗಂಟೆಗೆ ಸುಮಾರು 60 ಗ್ರಾಂ ದಾಟಿದರೆ ಅಲ್ಲಿ ಕ್ಯೂ ನಿಲ್ಲುತ್ತದೆ. ಫ್ರಕ್ಟೋಸ್‌ಗೆ ಬೇರೆ ಬಾಗಿಲು. ಎರಡೂ ಬೆರೆಸಿ ಕೊಟ್ಟರೆ 90 ಗ್ರಾಂವರೆಗೆ ಹೋಗಬಹುದು. ಇದನ್ನು ಕೇಳುತ್ತಾ ಕೇಳುತ್ತಾ ಅವತ್ತಿನ ಓಟ ಮುಗಿಯಿತು, ನಾನೂ ಎಪಿಸೋಡ್ ನಿಲ್ಲಿಸಿದೆ. 2023ರ ಅಕ್ಟೋಬರ್‌ನಲ್ಲಿ ಗೋವಾ 70.3 ದಿನ 90 ಗ್ರಾಂ ಅಂತ ಶಪಥ ಮಾಡಿ ಸೈಕಲ್ ತುಳಿಯುತ್ತಾ ಎನರ್ಜಿ ಜೆಲ್ (ಪೊಟ್ಟಣದಲ್ಲಿ ಬರುವ ಸಕ್ಕರೆಯ ಅಂಟು) ಒಂದರ ಮೇಲೊಂದು ನುಂಗಿದೆ. 90 ಕಿ.ಮೀ. ಸೈಕಲ್ ಮುಗಿಸಿ 21 ಕಿ.ಮೀ. ಓಡಲು ಇಳಿದಾಗ ಪಣಜಿಯ ಸೆಕೆ ಬೇರೆ. ಆರನೇ ಕಿಲೋಮೀಟರ್‌ನಲ್ಲಿ ಮರದ ಬುಡ ಹಿಡಿದು ಎಲ್ಲಾ ಆಚೆ ಹಾಕಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಅರ್ಧಕ್ಕೆ ಬಿಟ್ಟಿದ್ದ ಎಪಿಸೋಡ್ ಮುಂದುವರಿಸಿದೆ. ಬಿಟ್ಟ ಜಾಗದಿಂದ ಎರಡೇ ನಿಮಿಷಕ್ಕೆ ಆ ಮಾತು ಬಂತು. ಹೊಟ್ಟೆಗೆ ವಾರಗಟ್ಟಲೆ ಅಭ್ಯಾಸ ಮಾಡಿಸದೆ ರೇಸ್ ದಿನ ಈ ಪ್ರಯೋಗ ಮಾಡಬೇಡಿ ಅಂತ!

ಈಗ ಪ್ರತಿ ಭಾನುವಾರ ಅಭ್ಯಾಸ ನಡೆಯುತ್ತದೆ. ಆದರೆ ಜೆಲ್ ಬಿಟ್ಟೆ. ನೂರು ರೂಪಾಯಿ ಕೊಟ್ಟು ಒಂದು ಚಮಚ ಸಿಹಿ ಅಂಟು ಯಾರಿಗೆ ಬೇಕು? ನಮ್ಮ ಮನೆ ಸಕ್ಕರೆಯಲ್ಲೇ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಇದೆ. 750 ಎಂ.ಎಲ್. ಬಾಟಲಿಗೆ 60 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ಒಂದು ನಿಂಬೆಹಣ್ಣು. ಜೇಬಲ್ಲಿ ಎರಡು ಕಡಲೆ ಮಿಠಾಯಿ. ಕಡಲೆ ಮಿಠಾಯಿ ಜೋರಾಗಿ ಓಡುವಾಗ ಅಗಿಯೋಕಾಗಲ್ಲ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಏರು ನಡೆಯುವಾಗ ಮಾತ್ರ ತಿನ್ನಿ.

ದಕ್ಷಿಣ ಆಫ್ರಿಕಾದ 'ರಿಯಲ್ ಸೈನ್ಸ್ ಆಫ್ ಸ್ಪೋರ್ಟ್' ಬಗ್ಗೆ ಎರಡು ಮಾತು. ರಾಸ್ ಟಕರ್ ವಿಜ್ಞಾನಿ, ಮೈಕ್ ಫಿಂಚ್ ಪತ್ರಕರ್ತ. ಡೋಪಿಂಗ್, ಕಾರ್ಬನ್ ಪ್ಲೇಟ್ ಶೂ, ದಾಖಲೆಗಳ ಜಗಳ ಎಲ್ಲ ಇಲ್ಲಿ. ಇದರಿಂದ ನಿಮ್ಮ ಓಟ ಸುಧಾರಿಸುವುದಿಲ್ಲ. ಆದರೆ ಎರಡು ಗಂಟೆ ಕಳೆದದ್ದೇ ಗೊತ್ತಾಗುವುದಿಲ್ಲ. ನ್ಯೂಜಿಲೆಂಡ್‌ನ 'ಐಎಂಟಾಕ್' ಹಳೇ ಕಾಲದಿಂದ ಇರುವ ಶೋ, ಇಬ್ಬರು ಗೆಳೆಯರ ಹರಟೆ. ಅವರ ಉಚ್ಚಾರಣೆಯನ್ನು 1.5 ವೇಗದಲ್ಲಿ ಕೇಳಲು ಹೋಗಬೇಡಿ.

ಬೇಜಾರಿನ ಸಂಗತಿಗಳೂ ಇವೆ. ಜಾಹೀರಾತು ಒಂದು. ಅದೇ ಹಸಿರು ಪುಡಿ, ಅದೇ ಹಾಸಿಗೆ, ಅದೇ ಕೂಪನ್ ಕೋಡ್. ನಮ್ಮೂರಿಗೆ ಅವು ಬರುವುದೂ ಇಲ್ಲ. ಇನ್ನೊಂದು, ಅವರ ಹವಾಮಾನ. ಸೆಕೆಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು ಅನ್ನೋದು ನಿಜ. ಅದಕ್ಕೆ ಅವರು ಜಾಕೆಟ್ ಹಾಕಿಕೊಂಡು ಟ್ರೆಡ್‌ಮಿಲ್ ಮೇಲೆ ಓಡಿ, ಬಿಸಿನೀರಿನ ತೊಟ್ಟಿಯಲ್ಲಿ ಕೂರಿ ಅಂತಾರೆ. ನಮಗೆ ಏಪ್ರಿಲ್ ತಿಂಗಳೇ ಸಾಕು ಸ್ವಾಮಿ.

ನಿಜವಾದ ಅಪಾಯ ಬೇರೆ ಇದೆ. ವಾರಕ್ಕೊಂದು ಹೊಸ ಎಪಿಸೋಡ್, ಎಪಿಸೋಡಿಗೊಂದು ಹೊಸ ಮಂತ್ರ. 2022ರಲ್ಲಿ ನಾನು ಒಂದೇ ಸೀಸನ್‌ನಲ್ಲಿ ಮೂರು ಸಲ ಪ್ಲಾನ್ ಬದಲಿಸಿದೆ. ಒಂದು ತಿಂಗಳು ಬೆಟ್ಟದ ಸ್ಪ್ರಿಂಟ್. ಮುಂದಿನ ತಿಂಗಳು ನಾರ್ವೆಯವರ ಹಾಗೆ ದಿನಕ್ಕೆರಡು ಸಲ ಥ್ರೆಶೋಲ್ಡ್, ಅಂದರೆ ಜೋರಾದರೂ ಸುಸ್ತಾಗಿ ಬೀಳದಷ್ಟು ವೇಗದ ಓಟ. ಅವರು ಬೆರಳಿಗೆ ಚುಚ್ಚಿ ರಕ್ತದ ಲ್ಯಾಕ್ಟೇಟ್ (ಜೋರಾಗಿ ಓಡಿದಷ್ಟೂ ಏರುವ ಅಂಶ) ಅಳೆದು ಓಡುತ್ತಾರೆ, ನಾನು ಆಫೀಸಿಗೆ ಲೇಟಾಗುತ್ತೆ ಅಂತ ಓಡುತ್ತಿದ್ದೆ. ಕಡೆಗೆ ಮೊಳಕಾಲ ಮುಂದಿನ ಮೂಳೆ ನೋವು ಬಂದು ಐದು ವಾರ ಮನೆ. ಆಮೇಲೆ ಒಂದು ನಿಯಮ ಮಾಡಿಕೊಂಡೆ. ಎಷ್ಟು ಬೇಕಾದರೂ ಕೇಳು, ಸೀಸನ್‌ಗೆ ಒಂದೇ ಬದಲಾವಣೆ. 2024ರ ಬದಲಾವಣೆ ಟೇಪರ್, ಅಂದರೆ ರೇಸ್‌ಗೆ ಮುಂಚೆ ತರಬೇತಿ ಇಳಿಸುವ ಕ್ರಮ. ಇನಿಗೊ ಮುಹಿಕಾ ಮುಂತಾದವರ ಸಂಶೋಧನೆ ಪ್ರಕಾರ ರೇಸ್‌ಗೆ ಮುಂಚಿನ ಎರಡು ವಾರ ಓಟದ ದೂರ 41ರಿಂದ 60 ಶೇಕಡಾ ಇಳಿಸಿ, ವೇಗ ಇಳಿಸಬೇಡಿ. ಮೊದಲು ನಾನು ಎರಡನ್ನೂ ಇಳಿಸಿ, ರೇಸ್ ದಿನ ಮದುವೆ ಊಟ ಮಾಡಿದವನ ಹಾಗೆ ಓಡುತ್ತಿದ್ದೆ.

ಸಾಮಾನಿನ ಬಗ್ಗೆ ಸ್ವಲ್ಪ. ಮೊದಲು ಕೊಂಡ ಇಯರ್‌ಫೋನ್ ಎಂಟು ತಿಂಗಳಿಗೆ ಬೆವರಿಗೇ ಹೋಯಿತು. ಸರ್ವಿಸ್ ಸೆಂಟರ್‌ನಲ್ಲಿ "ನೀರು ಹೋಗಿದೆ ಸಾರ್, ವಾರಂಟಿ ಬರಲ್ಲ" ಅಂದರು. ಡಬ್ಬಿ ಮೇಲೆ ಬೆವರು ಸುರಿಸುತ್ತಾ ಓಡುವವನ ಚಿತ್ರವಿತ್ತು. ಈಗ ಇರುವುದು ಕೆನ್ನೆ ಮೂಳೆಯ ಮೂಲಕ ಸದ್ದು ಕಳಿಸುವ ಬೋನ್ ಕಂಡಕ್ಷನ್ ಥರದ್ದು. ಕಿವಿ ತೆರೆದೇ ಇರುತ್ತದೆ. ಬೆಳಿಗ್ಗೆ ಐದು ಗಂಟೆಗೆ ಹಿಂದಿನಿಂದ ನಾಯಿ ಗುರ್ ಅಂದಿದ್ದು ಕೇಳುತ್ತದೆ, ಅಷ್ಟು ಸಾಕು. ರಸ್ತೆಯಲ್ಲಿ ಸೈಕಲ್ ಮೇಲೆ ಇದನ್ನೂ ಹಾಕುವುದಿಲ್ಲ. ಈಜುವಾಗ ಫೋನ್‌ನಿಂದ ಕೇಳುವ ಮಾತೇ ಇಲ್ಲ, ಬ್ಲೂಟೂತ್ ನೀರಲ್ಲಿ ಹೋಗುವುದಿಲ್ಲ. ಆ್ಯಪ್ ಆಂಟೆನಾಪಾಡ್, ಪುಕ್ಕಟೆ. ಗಂಟೆಯ ಎಪಿಸೋಡ್ ಸುಮಾರು 60 ಎಂ.ಬಿ. ರಾತ್ರಿಯೇ ಇಳಿಸಿಕೊಳ್ಳಿ.

ಐರನ್‌ಮ್ಯಾನ್ ರೇಸ್‌ಗಳಲ್ಲಿ ಹೆಡ್‌ಫೋನ್ ನಿಷೇಧ. ಹಾಕಿಕೊಂಡು ಸಿಕ್ಕಿಬಿದ್ದರೆ ಅನರ್ಹ ಮಾಡಬಹುದು. ಹಾಗಾಗಿ ಲಾಂಗ್ ರನ್‌ನ ಕೊನೆಯ 8 ಕಿ.ಮೀ. ಎಲ್ಲ ಆಫ್ ಮಾಡುತ್ತೇನೆ. ಕಳೆದ ಭಾನುವಾರ ಶ್ರೀರಂಗಪಟ್ಟಣದ ಹತ್ತಿರ ಕಾಲುವೆ ಏರಿ ಮೇಲೆ ಓಡುತ್ತಿದ್ದೆ. ಆಫ್ ಮಾಡಿದ ಮೇಲೆ ದೂರದಲ್ಲಿ ಪಂಪ್‌ಸೆಟ್ ಸದ್ದು, ಬಟ್ಟೆ ಒಗೆಯುವ ಸದ್ದು, ಜೊತೆಗೆ ಚಟ್, ಚಟ್ ಅಂತ ಇನ್ನೊಂದು ಸದ್ದು. ಹಿಂದೆ ಯಾರೋ ಬರುತ್ತಿದ್ದಾರೆ ಅಂದುಕೊಂಡು ತಿರುಗಿ ನೋಡಿದೆ. ಯಾರೂ ಇಲ್ಲ. ನನ್ನ ಎಡಗಾಲೇ ನೆಲಕ್ಕೆ ಬಡಿಯುತ್ತಿತ್ತು, ಬಲಗಾಲು ಸುಮ್ಮನಿತ್ತು. ಎಷ್ಟು ವರ್ಷದಿಂದ ಹೀಗಿದೆಯೋ ಏನೋ. ಗುರುವಾರ ಫಿಸಿಯೋ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೇನೆ.