850 ವ್ಯಾಟ್ ಅಂತ ನಂಬಿ ಮೋಸ ಹೋದೆ, ನೀವು ಡಬ್ಬಿ ನೋಡಿ ಕೊಳ್ಳಬೇಡಿ

ಕಂಪ್ಯೂಟರ್ ಗೇಮಿನ ಮಧ್ಯೆ ಆಫ್ ಆಗುತ್ತಿದ್ದದ್ದಕ್ಕೆ ಎರಡು ತಿಂಗಳು ನಾನು ಬೈದಿದ್ದು ರ‍್ಯಾಮನ್ನು. ಬೈಯಬೇಕಾಗಿದ್ದು ಇಡೀ ಕಂಪ್ಯೂಟರಿಗೆ ಕರೆಂಟ್ ಕೊಡುವ ಪವರ್ ಸಪ್ಲೈಯನ್ನು. ಅದನ್ನು ಮಾರಿದವನನ್ನು. ಆಮೇಲೆ ನನ್ನನ್ನೇ.

ಸಿಪಿಯು ಓವರ್‌ಕ್ಲಾಕ್ ಮಾಡಿದ್ದೆ. ಅಂದರೆ ಕಂಪನಿ ಕೊಟ್ಟಿದ್ದಕ್ಕಿಂತ ಜಾಸ್ತಿ ಸ್ಪೀಡಿಗೆ ಏರಿಸಿದ್ದೆ: 4.6 ಗಿಗಾಹರ್ಟ್ಸ್‌ನಿಂದ 5ಕ್ಕೆ, ವೋಲ್ಟೇಜ್ 1.25ರಿಂದ 1.38ಕ್ಕೆ. ವೋಲ್ಟೇಜ್ ಏರಿಸಿದರೆ ಪವರ್ ತಿನ್ನೋದು ಅದರ ವರ್ಗದ ಲೆಕ್ಕದಲ್ಲಿ ಏರುತ್ತೆ, ಸ್ಪೀಡ್ ಏರಿಸಿದ್ದು ಬೇರೆ. 125 ವ್ಯಾಟಿನ ಸಿಪಿಯು 165ರ ಹತ್ತಿರ ಬರುತ್ತೆ. ಗ್ರಾಫಿಕ್ಸ್ ಕಾರ್ಡಿನ ಪವರ್ ಲಿಮಿಟ್ಟನ್ನೂ ಏರಿಸಿದ್ದೆ, ಅದೊಂದೇ 290. ಬೋರ್ಡು, ಫ್ಯಾನು, ಡಿಸ್ಕು ಸೇರಿಸಿ 500 ದಾಟಬಹುದು. 850 ಇದೆಯಲ್ಲ, ಯಾಕೆ ಚಿಂತೆ ಅಂದುಕೊಂಡೆ. ಕೊಳ್ಳುವಾಗ ಓವರ್‌ಕ್ಲಾಕಿಗೆ ಅಂತ ಬಾಯಿಬಿಟ್ಟು ಹೇಳಿದ್ದೆ. "ಆರಾಮಾಗಿ ಎಳೆಯುತ್ತೆ ಸರ್, ಇನ್ನೊಂದು ಕಾರ್ಡ್ ಹಾಕಿದ್ರೂ ಸಾಕು" ಅಂದಿದ್ದ ಮಾರಿದವನು.

ಗೇಮ್ ಶುರುವಾದ ಹತ್ತೇ ನಿಮಿಷಕ್ಕೆ ಟಪ್ ಅಂತ ಆಫ್. ನೀಲಿ ಪರದೆಯೂ ಇಲ್ಲ, ಎರರೂ ಇಲ್ಲ. ರ‍್ಯಾಮ್ ಬದಲಿಸಿದೆ. ವಿಂಡೋಸ್ ಮೂರು ಸಲ ಹಾಕಿದೆ. ಮೂರು ಸಲ! ಓವರ್‌ಕ್ಲಾಕ್ ತೆಗೆದರೆ ಸರಿ ಇರುತ್ತಿತ್ತು, ಹಾಗಾಗಿ ತಪ್ಪು ನನ್ನದೇ ಅಂತ ನಂಬಿಬಿಟ್ಟೆ.

ಕೊನೆಗೆ ಒಂದು ರಾತ್ರಿ ಮಲ್ಟಿಮೀಟರ್ ಹಿಡಿದು ಕೂತೆ. ಹಳದಿ ವೈರು (12 ವೋಲ್ಟ್), ಕಪ್ಪು ವೈರು (ಗ್ರೌಂಡ್). ಸುಮ್ನೆ ಇದ್ದಾಗ 12.05. ಗೇಮ್ ಹಾಕಿದೆ. 11.6, 11.4, 11.2... ಆಫ್. ಎಟಿಎಕ್ಸ್ ಅನ್ನೋ ಪಿಸಿ ಸಪ್ಲೈಗಳ ಮಾನದಂಡದ ಹಳೇ ನಿಯಮದಲ್ಲಿ 12 ವೋಲ್ಟ್ ಲೈನು 11.4ಕ್ಕಿಂತ ಕೆಳಗಿಳಿಯುವ ಹಾಗೇ ಇಲ್ಲ.

ಆಗ ಮೊಬೈಲ್ ಟಾರ್ಚ್ ಬಿಟ್ಟು ಸಪ್ಲೈ ಪಕ್ಕದ ಲೇಬಲ್ ಓದಿದೆ. ಮೊದಲ ಸಲ ಓದಿದ್ದು, ಹೇಳಿಕೊಳ್ಳೋಕೆ ನಾಚಿಕೆ. +12 ವೋಲ್ಟ್ ಮುಂದೆ 38 ಆಂಪ್ಸ್. 12 ಇಂಟು 38, 456 ವ್ಯಾಟ್. ಸಿಪಿಯು, ಗ್ರಾಫಿಕ್ಸ್ ಕಾರ್ಡ್ ಎರಡೂ ಎಳೆಯುವುದು ಹೆಚ್ಚುಕಮ್ಮಿ ಈ ಲೈನಿನಿಂದಲೇ. 3.3, 5 ವೋಲ್ಟಿನವನ್ನೆಲ್ಲ ಕೂಡಿಸಿದರೂ 592. ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ಕೂಡಿಸಿದೆ. 592. ಹಾಗಾದ್ರೆ 850 ಎಲ್ಲಿಂದ ಬಂತು?

ಅದನ್ನೇ ಮಾರಿದವನಿಗೆ ಮೆಸೇಜ್ ಮಾಡಿ ಕೇಳಿದೆ. ಮೊದಲ ಉತ್ತರ: "ಅದು ಪೀಕ್ ಸರ್." ಅಂದರೆ ಕ್ಷಣಕಾಲಕ್ಕೆ ಕೊಡಬಲ್ಲ ಗರಿಷ್ಠ. ಎಷ್ಟು ಹೊತ್ತಿನ ಪೀಕ್ ಅಂತ ಕೇಳಿದರೆ ಮಾತಿಲ್ಲ. ಎರಡನೇ ಉತ್ತರ: "80 ಪ್ಲಸ್ ಅಲ್ವಾ ಸರ್, 80 ಪರ್ಸೆಂಟ್ ಮಾತ್ರ ಸಿಗೋದು." ಸುಳ್ಳು! 80 ಪ್ಲಸ್ ಅನ್ನೋದು ಪ್ಲಗ್ಗಿನಿಂದ ಎಳೆದದ್ದರಲ್ಲಿ ಎಷ್ಟು ಪಾಲು ಹೊರಗೆ ಬರುತ್ತೆ ಅನ್ನುವ ದಕ್ಷತೆಯ ಗುರುತು, ವ್ಯಾಟೇಜ್ ಅಂದರೆ ಸಪ್ಲೈ ಹೊರಗೆ ಕೊಡುವ ಲೆಕ್ಕ. ಒಳಗೆ ಬಿಸಿಯಾಗಿ ಹೋಗುವುದನ್ನು ಅದು ಗೋಡೆಯ ಪ್ಲಗ್ಗಿನಿಂದ ಜಾಸ್ತಿ ಎಳೆದುಕೊಳ್ಳುತ್ತೆ. ಅವನ ಲೆಕ್ಕವನ್ನೇ ಹಿಡಿದರೂ 680 ಬರಬೇಕಿತ್ತಲ್ಲ? ಮೂರನೇ ಉತ್ತರ ಓದಿ ಮೈ ಉರಿದುಹೋಯಿತು: "ಓವರ್‌ಕ್ಲಾಕ್ ಮಾಡಿದ್ದೀರಿ, ವಾರಂಟಿ ಬರಲ್ಲ." ಓವರ್‌ಕ್ಲಾಕಿಗೆ ಅಂತಲೇ ಕೇಳಿ ಕೊಂಡಿದ್ದು ಸ್ವಾಮಿ! ಅದಕ್ಕೆ ಹೆಬ್ಬೆರಳಿನ ಇಮೋಜಿ ಒತ್ತಿ ಸುಮ್ಮನಾದ.

ಈಗ ಹಾಕಿರುವುದು 650 ವ್ಯಾಟಿನದು. ಹೌದು, 650. 12 ವೋಲ್ಟಿನಲ್ಲಿ 54 ಆಂಪ್ಸ್, ಅಂದರೆ 648 ವ್ಯಾಟ್. ಅದೇ ಓವರ್‌ಕ್ಲಾಕ್, ಅದೇ ಗೇಮ್, ಮೀಟರ್ 11.9ರಿಂದ ಕದಲಲ್ಲ.

ಡಬ್ಬಿಯ ಮೇಲಿನ ದೊಡ್ಡ ನಂಬರ್ ಬಿಡಿ, ಲೇಬಲ್ಲಿನ ಫೋಟೋ ಕೇಳಿ, 12 ವೋಲ್ಟಿನ ಆಂಪ್ಸ್ ನೋಡಿ. ಫೋಟೋ ಕೊಡದವನ ಹತ್ತಿರ ಕೊಳ್ಳಲೇಬೇಡಿ. ನಿಮ್ಮ ಲೆಕ್ಕದ ಮೇಲೆ ಒಂದಿಷ್ಟು ಜಾಸ್ತಿ ಇರಲಿ, ಗ್ರಾಫಿಕ್ಸ್ ಕಾರ್ಡು ಕ್ಷಣಮಾತ್ರಕ್ಕೆ ಲಿಮಿಟ್ ಮೀರಿ ಎಳೆಯುತ್ತೆ. 2022ರ ಎಟಿಎಕ್ಸ್ 3.0 ಬಂದಿದ್ದಕ್ಕೆ ಈ ಕಾಟವೂ ಒಂದು ಮುಖ್ಯ ಕಾರಣ.

ಇನ್ನೊಂದು, ಹಳೇ ಸಪ್ಲೈ ತೆಗೆದರೆ ಅದರ ಕೇಬಲ್ಲುಗಳನ್ನೂ ತೆಗೆಯಿರಿ. ಸೋಮಾರಿತನಕ್ಕೆ ಹಳೇ ಕೇಬಲ್ಲನ್ನೇ ಹೊಸದಕ್ಕೆ ಚುಚ್ಚಲು ಹೋಗಿದ್ದೆ, ಸರಿಯಾಗಿ ಕೂರುತ್ತೆ ಕೂಡ. ಆದರೆ ಸಪ್ಲೈ ಕಡೆಯ ಪಿನ್ನುಗಳ ಜೋಡಣೆ ಕಂಪನಿಗೊಂದು ಥರ. ಚುಚ್ಚಿ ಆನ್ ಮಾಡಿದ್ದರೆ ಡಿಸ್ಕುಗಳೂ ಸುಟ್ಟುಹೋಗಬಹುದಿತ್ತು, ಅದಕ್ಕೂ ಅವನು "ಓವರ್‌ಕ್ಲಾಕ್ ಸರ್" ಅಂತಲೇ ಅನ್ನುತ್ತಿದ್ದ.